ಗಾರಗಿಗೆ ಬಲಿತ ಕುಂಬಳವೇ ಬೇಕು

ನಿಪ್ಪಾಣಿ ಸಂತೆಯಲ್ಲಿ ಹೋಳು ಮಾಡಿಟ್ಟ ಕುಂಬಳ ನೋಡಿ ಬಂದಾಗಿನಿಂದ ಮನಸ್ಸು ಅಲ್ಲೇ ಇದೆ. ಬಿಳಿಚಿದ ತಿರುಳು, ಜೊಳ್ಳು ಬೀಜ. ಅಂಥದ್ದರಲ್ಲಿ ಗಾರಗಿ (ಸಿಹಿಗುಂಬಳ, ಬೆಲ್ಲದ ಕರಿದ ತಿಂಡಿ) ಮಾಡಿದರೆ ಹಬ್ಬ ಕೆಟ್ಟಿತೆಂದೇ ಲೆಕ್ಕ.

ಮುಂಗಾರಿಗೆ ತಿಪ್ಪೆಯ ಮಗ್ಗುಲಲ್ಲೋ ಕಬ್ಬಿನ ಬದುವಿನಲ್ಲೋ ಊರಿದ ಜವಾರಿ ಬೀಜ ದಸರೆ, ದೀಪಾವಳಿಯ ಹೊತ್ತಿಗೆ ಬಲಿತ ಕಾಯಿ ಕೊಡುತ್ತದೆ. ತೊಟ್ಟು ಒಣಗಿರಬೇಕು, ಸಿಪ್ಪೆಗೆ ಉಗುರು ಇಳಿಯಬಾರದು. ನಾಲ್ಕು ಬೆರಳು ತೊಟ್ಟು ಬಿಟ್ಟು ಕೊಯ್ಯಿರಿ. ತೊಟ್ಟು ಹಿಡಿದು ಮಾತ್ರ ಎತ್ತಬೇಡಿ, ಮುರಿದರೆ ಕೊಳೆ ಅಲ್ಲಿಂದಲೇ ಶುರು. ಆಮೇಲೆ ಗಾಳಿಯಾಡುವ ಅಟ್ಟದಲ್ಲಿ ತಿಂಗಳೊಪ್ಪತ್ತು ಇರಲಿ. ಪಿಷ್ಟ ಸಕ್ಕರೆಯಾಗುವುದು ಆಗಲೇ.

ಸಣ್ಣ ಕಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ಎರಡು-ಮೂರು ಕಿಲೊ ತೂಗುತ್ತದೆ, ರುಚಿಯೂ ಇದೆ, ಬೀಜವನ್ನೂ ಎತ್ತಿಡಬಹುದು. ನನ್ನ ಜಗಳ ವರ್ಷವರ್ಷವೂ ಪೊಟ್ಟಣ ಕೊಳ್ಳುವಂತೆ ಮಾಡುವ ಹೈಬ್ರಿಡ್ ಜೊತೆ. ಜೇನುಹುಳ ಪಕ್ಕದ ಹೊಲದಿಂದ ಅದರ ಪರಾಗ ತಂದರೆ ಈ ವರ್ಷದ ಕಾಯಿಯಲ್ಲಿ ಗೊತ್ತಾಗುವುದಿಲ್ಲ. ಮರುವರ್ಷ ಬಳ್ಳಿಯೇ ಬೇರೆ. ಜವಾರಿ ಉಳಿಯಬೇಕೆಂದರೆ, ನಾಳೆ ಅರಳುವ ಹೆಣ್ಣು ಮೊಗ್ಗನ್ನು (ಬುಡದಲ್ಲಿ ಪುಟ್ಟ ಕಾಯಿ ಇರುವಂಥದ್ದು) ಇಂದು ಸಂಜೆಯೇ ದಾರದಿಂದ ಕಟ್ಟಿ, ಒಂದು ಗಂಡು ಮೊಗ್ಗನ್ನೂ ಕಟ್ಟಿಡಿ. ಬೆಳಕು ಹರಿಯುತ್ತಲೇ ಗಂಡು ಹೂವಿನ ಎಸಳು ಕಿತ್ತು, ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಸವರಿ, ಮತ್ತೆ ಕಟ್ಟಿ. ತೊಟ್ಟಿಗೊಂದು ಕೆಂಪು ದಾರ: ಆ ಕಾಯಿ ಬೀಜಕ್ಕೆ.

ಈ ಬಳ್ಳಿ ಅಮೆರಿಕ ಖಂಡದ್ದು. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥ ಬರೆಯುವಾಗ ಅದು ಅವನ ಅಡಿಗೆಮನೆಗೆ ಬಂದಿರಲಿಕ್ಕಿಲ್ಲ. ಹಾಗಾಗಿ ಗಾರಗಿಯ ಹದಕ್ಕೆ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಹೆಂಗಸರ ಕೈಯೇ ಪ್ರಮಾಣ. ತುರಿದ ತಿರುಳಿಗೆ ಅರ್ಧದಷ್ಟು ಬೆಲ್ಲ ಸೇರಿಸಿ, ಹನಿ ನೀರಿಲ್ಲದೆ ಬೇಯಿಸುತ್ತಾರೆ. ಬಿಟ್ಟುಕೊಂಡ ರಸ ಎಷ್ಟು ಹಿಡಿಯುತ್ತದೋ ಅಷ್ಟೇ ಗೋಧಿಹಿಟ್ಟು, ಜೊತೆಗೆ ಚೂರು ಅಕ್ಕಿಹಿಟ್ಟು, ಏಲಕ್ಕಿ. ನೀರು ಹಾಕಿ ನಾದುವವರನ್ನು ನಾನು ಒಪ್ಪುವುದೇ ಇಲ್ಲ: ಕುಂಬಳ ಸೋತು ಬರೀ ಹಿಟ್ಟು ಬಾಯಿಗೆ ಬರುತ್ತದೆ. ಗಸಗಸೆ ಹಚ್ಚಿ ತಟ್ಟಿ, ಹದ ಉರಿಯಲ್ಲಿ ಕೆಂಪಗೆ ಕರಿಯಿರಿ.

ಉಳಿದ ಹೋಳು ಪಲ್ಯಕ್ಕೆ. ಗುರೆಳ್ಳು ಪುಡಿ, ಮಸಾಲಿ ಖಾರ ಬಿದ್ದ ಆ ಪಲ್ಯಕ್ಕೆ ಕಡಕ್ ರೊಟ್ಟಿಗಿಂತ ಬಿಸಿ ರೊಟ್ಟಿಯೇ ಸರಿ.