ಐದು ಪಾಲಿಕೆ, ಖಾಲಿ ಕುರ್ಚಿ

ಬೆಂಗಳೂರಿಗೆ ಒಂದು ಪಾಲಿಕೆ ಸಾಲದೆ ಐದು ಬಂದಿವೆ. 2025ರ ಸೆಪ್ಟೆಂಬರ್ 2ರಂದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಕಣ್ಮರೆಯಾಗಿ, ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ದಿಕ್ಕಿಗೊಂದರಂತೆ ಪಾಲಾಯಿತು. ಇವೆಲ್ಲದರ ನೆತ್ತಿಯ ಮೇಲೆ ಮುಖ್ಯಮಂತ್ರಿಗಳೇ ಅಧ್ಯಕ್ಷರಾಗಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಊರಿನ ನೆಂಟರು ಫೋನಿನಲ್ಲಿ ‘ನಮ್ಮ ಮನೆ ಯಾವ ದಿಕ್ಕಿಗೆ ಬಂತೋ ತಿಳಿಯದು’ ಎನ್ನುತ್ತಾರೆ. ದಿಕ್ಕು ಯಾವುದಾದರೇನು, ಕೇಳುವವರು ಯಾರು ಎಂಬುದು ನಮ್ಮ ಪ್ರಶ್ನೆ. ಹಳೆಯ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಐದು ವರ್ಷ ಕಳೆದು ಪಾಲಿಕೆ ಐದಾದರೂ, 2025ನೆಯ ಇಸವಿ ಮುಗಿಯುವ ತನಕ ಒಂದಕ್ಕೂ ಚುನಾವಣೆ ನಡೆಯಲಿಲ್ಲ.

ಇದು ಮೊದಲ ಸಲವೂ ಅಲ್ಲ. 2006ರಲ್ಲಿ ಅವಧಿ ಮುಗಿದ ಪಾಲಿಕೆಗೆ ಮತ್ತೆ ಚುನಾವಣೆ ನಡೆದದ್ದು 2010ರಲ್ಲಿ. ನಡುವೆ 2007ರಲ್ಲಿ ಸುತ್ತಣ ಏಳು ನಗರಸಭೆ, ಒಂದು ಪುರಸಭೆ, ನೂರಹತ್ತು ಹಳ್ಳಿಗಳನ್ನು ಸೇರಿಸಿ ‘ಬೃಹತ್’ ಮಾಡಲಾಯಿತು. ಅಂದು ದೊಡ್ಡದು ಮಾಡಿದರೆ ಒಳ್ಳೆಯದಾಗುತ್ತದೆ ಎಂದರು. ಇಂದು ಚಿಕ್ಕದು ಮಾಡಿದರೆ ಒಳ್ಳೆಯದಾಗುತ್ತದೆ ಎನ್ನುತ್ತಾರೆ. ಕೂಡಿಸುವಾಗಲೂ ಕಳೆಯುವಾಗಲೂ ಉಳಿದ ಶೇಷ ಮಾತ್ರ ಒಂದೇ: ಆಡಳಿತಾಧಿಕಾರಿ.

ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ನಗರಸಭೆಯ ಅವಧಿ ಐದು ವರ್ಷ, ಆ ಅವಧಿ ಮುಗಿಯುವ ಮೊದಲೇ ಚುನಾವಣೆ ಪೂರ್ತಿಯಾಗಬೇಕು ಎಂದು ಅದರಲ್ಲಿ ಸ್ಪಷ್ಟವಾಗಿದೆ. ವಾರ್ಡು ವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ಮೊಕದ್ದಮೆ, ಹೊಸ ಕಾಯ್ದೆ ಎಂದು ಒಂದರ ಹಿಂದೊಂದು ಕಾರಣಗಳು ಬರುತ್ತವೆ. ವಿಧಾನಸಭೆಯ ಚುನಾವಣೆಗೆ ಇಂಥ ಕಾರಣಗಳು ಏಕೆ ಅಡ್ಡ ಬರುವುದಿಲ್ಲವೆಂಬುದೇ ಸೋಜಿಗ. ಇದರಲ್ಲಿ ಪಕ್ಷಭೇದವಿಲ್ಲ. 2020ರಿಂದ 2023ರ ತನಕ ಭಾರತೀಯ ಜನತಾ ಪಕ್ಷದ ಸರ್ಕಾರ, ಬಳಿಕ ಕಾಂಗ್ರೆಸ್ ಸರ್ಕಾರ. ಉಳಿದೆಲ್ಲದರಲ್ಲಿ ಜಗಳವಾಡುವ ಇವರು ಈ ಒಂದರಲ್ಲಿ ಅಣ್ಣತಮ್ಮಂದಿರು. ಪಾಲಿಕೆಯ ಸದಸ್ಯನಿಲ್ಲದ ಕಡೆ ಚರಂಡಿ, ಡಾಂಬರು, ಗುತ್ತಿಗೆ ಎಲ್ಲಕ್ಕೂ ಶಾಸಕರೇ ಯಜಮಾನರು. ತಮ್ಮ ಅಂಗಳದಲ್ಲಿ ಇನ್ನೊಬ್ಬ ನಾಯಕ ಬೆಳೆಯಲೆಂದು ಬಯಸುವ ಶಾಸಕರು ವಿರಳ.

‘ಕಾರ್ಪೊರೇಟರುಗಳೇನು ಸಾಚಾಗಳೇ? ಅಧಿಕಾರಿಗಳಾದರೆ ಓದಿದವರು’ ಎಂದು ನಮ್ಮ ಸಂಘದಲ್ಲೂ ಕೆಲವರು ವಾದಿಸುತ್ತಾರೆ. ಸಾಚಾಗಳೆಂದು ನಾವೂ ಹೇಳೆವು. ಆದರೆ ಸರ್ಕಾರಿ ಕಡತಗಳ ನಡುವೆಯೇ ಕೂದಲು ನರೆಸಿಕೊಂಡ ನಮಗೆ ಒಂದು ಗುಟ್ಟು ಗೊತ್ತು. ಅಧಿಕಾರಿಯ ಗೋಪ್ಯ ವರದಿ ಬರೆಯುವವನು ಮೇಲಿನವನು; ವರ್ಗ ಮಾಡುವವನೂ ಮೇಲಿನವನೇ. ಆದ್ದರಿಂದ ಅವನ ಕಣ್ಣು ಸದಾ ಮೇಲಕ್ಕೆ. ಬೀದಿಯ ಗುಂಡಿ ಇರುವುದು ಕೆಳಗೆ. ಕಾರ್ಪೊರೇಟರ್ ಕೆಟ್ಟವನಾದರೂ ಐದು ವರ್ಷಕ್ಕೊಮ್ಮೆ ಅದೇ ಬೀದಿಗೆ ಕೈಮುಗಿದು ಬರಲೇಬೇಕು.

ಹೊಸ ಕಾಯ್ದೆಯಲ್ಲಿ ಒಳ್ಳೆಯದೇನೂ ಇಲ್ಲವೆಂದಲ್ಲ. ಒಂದು ವರ್ಷದ ಮೇಯರ್‌ಗಿರಿ ಸನ್ಮಾನದ ಹಾರಗಳು ಬಾಡುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಅದನ್ನು ಎರಡೂವರೆ ವರ್ಷಕ್ಕೆ ಏರಿಸಿದ್ದು ಸರಿಯೇ. 198 ವಾರ್ಡುಗಳ ಪಾಲಿಕೆ ಒಬ್ಬ ಆಯುಕ್ತರ ಕೈಗೆ ಮೀರಿದ್ದೆಂಬುದನ್ನೂ ಒಪ್ಪೋಣ. ಆದರೆ ನೀರು ಜಲಮಂಡಳಿಯದು, ಬಸ್ಸು ಸಾರಿಗೆ ಸಂಸ್ಥೆಯದು, ಬಡಾವಣೆ ಅಭಿವೃದ್ಧಿ ಪ್ರಾಧಿಕಾರದ್ದು, ವಿದ್ಯುತ್ ಬೆಸ್ಕಾಂನದು; ಇವೆಲ್ಲ ಮೇಯರರ ಮಾತು ಕೇಳಬೇಕಾದ ಸಂಸ್ಥೆಗಳಲ್ಲ. ಮುಖ್ಯಮಂತ್ರಿಗಳು ಮೇಲೆ ಕುಳಿತ ಮಾತ್ರಕ್ಕೆ ಎಲ್ಲವೂ ಕೂಡಿಬರುತ್ತದೆ ಎನ್ನುವುದಾದರೆ, ಮೂವತ್ತೊಂದು ಜಿಲ್ಲೆಗಳ ಹೊರೆ ಹೊತ್ತವರಿಗೆ ಜಯನಗರದ ಕಸದ ಲಾರಿಯ ಲೆಕ್ಕ ಕೇಳಲು ಬಿಡುವೆಲ್ಲಿಯದು?

ಇದೇ ಕರ್ನಾಟಕ ಒಂದು ಕಾಲಕ್ಕೆ ದೇಶಕ್ಕೆ ದಾರಿ ತೋರಿಸಿತ್ತು. ಹೆಗಡೆಯವರ ಸಂಪುಟದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್‌ಸಾಬರು 1983ರ ಕಾಯ್ದೆ ತಂದು, 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಸಿದರು. ಜನ ಆರಿಸಿದ ಅಧ್ಯಕ್ಷನಿಗೆ ರಾಜ್ಯ ಸಚಿವರ ದರ್ಜೆ. ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿಯೊಬ್ಬರು ಅವನ ಕೈಕೆಳಗೆ ಮುಖ್ಯ ಕಾರ್ಯದರ್ಶಿ. ಹಳ್ಳಿಗನ ಮುಂದೆ ಐ.ಎ.ಎಸ್. ಅಧಿಕಾರಿ ಕಡತ ಹಿಡಿದು ನಿಂತದ್ದು ಆಗ. ಅದೇ ರಾಜ್ಯದಲ್ಲಿ 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದು, 2025 ಕಳೆದರೂ ಮತಪೆಟ್ಟಿಗೆ ಹೊರಬರಲಿಲ್ಲ. ನಜೀರ್‌ಸಾಬರ ಹೆಸರನ್ನು ಭಾಷಣಗಳಲ್ಲಿ ಹೇಳುವುದಕ್ಕೆ ಮಾತ್ರ ಕೊರತೆಯಿಲ್ಲ.

ನಾವಿರುವ ಮುಂಬಯಿಯೇನು ಮೇಲು ಎಂದು ಬೀಗಬೇಕಾಗಿಲ್ಲ. ಇಲ್ಲಿಯೂ 2022ರ ಮಾರ್ಚಿನಿಂದ ಆಡಳಿತಗಾರರೇ ಇದ್ದು, 2026ರ ಜನವರಿ 15ರಂದು ನಾವು ಮತ ಹಾಕುವ ಹೊತ್ತಿಗೆ ಸುಮಾರು ನಾಲ್ಕು ವರ್ಷವಾಗಿತ್ತು. ಅದೂ ಸುಪ್ರೀಂ ಕೋರ್ಟು ಗಡುವು ಕೊಟ್ಟ ಮೇಲೆ.

‘ನಮ್ಮ ಮತ ಇಲ್ಲಿದೆ, ಬೆಂಗಳೂರಿನ ಗೊಡವೆ ನಮಗೇಕೆ’ ಎಂದು ಕೇಳುವವರಿದ್ದಾರೆ. ನಿವೃತ್ತರಾದ ಮೇಲೆ ಮನೆ ಕಟ್ಟೋಣವೆಂದು ಭವಿಷ್ಯನಿಧಿಯಿಂದ ಹಣ ತೆಗೆದು ಅಲ್ಲೊಂದು ನಿವೇಶನ ಕೊಂಡವರು ನಮ್ಮಲ್ಲಿ ಎಷ್ಟು ಮಂದಿ! ವರ್ಷವರ್ಷವೂ ತಪ್ಪದೆ ಕಂದಾಯ ಕಟ್ಟುತ್ತೇವೆ. ವಯಸ್ಸಾದ ತಾಯಿತಂದೆ ಅಲ್ಲಿದ್ದಾರೆ. ಮಳೆಗಾಲದಲ್ಲಿ ಮನೆಯೊಳಗೆ ರಾಜಕಾಲುವೆ ನುಗ್ಗಿದರೆ ಅವರು ಮೊದಲು ಫೋನ್ ಮಾಡುವುದು ಮುಂಬಯಿಯಲ್ಲಿರುವ ಮಗನಿಗೆ. ಅಲ್ಲಿ ಮಾಡಲು ಯಾರಿದ್ದಾರೆ?