ಕಣ್ಣು ಮತ್ತು ಕಾಡಿಗೆ: ‘ಕವಿರಾಜಮಾರ್ಗ’ದಲ್ಲಿ ಸಹಲೇಖಕರ ವಿಮರ್ಶೆ

ಕ್ರಿ.ಶ. ಸುಮಾರು 850ರ ‘ಕವಿರಾಜಮಾರ್ಗ’ವನ್ನು ಲಕ್ಷಣಗ್ರಂಥವೆಂದು ಓದುವುದು ರೂಢಿ. ಅದರ ಮೊದಲ ಪರಿಚ್ಛೇದವನ್ನು, ಬರೆಯುವವರು ಪರಸ್ಪರರ ಕೃತಿಗಳನ್ನು ಓದಬೇಕಾದ ಬಗೆಯ ನಿರೂಪಣೆಯಾಗಿಯೂ ಗ್ರಹಿಸಲು ಸಾಧ್ಯ. ಕಣ್ಣು ತನ್ನ ಕಾಡಿಗೆಯನ್ನು ಕಾಣದಂತೆ ಕವಿಯು ತನ್ನ ದೋಷವನ್ನು ಕಾಣಲಾರ; ಆದ್ದರಿಂದ ಕೃತಿಯನ್ನು ಬಲ್ಲವರಿಗೆ ತೋರಿಸಬೇಕು ಎಂಬುದು ಶ್ರೀವಿಜಯನ ನಿಲುವು. ದೋಷವನ್ನು ಅವನು ನೋಟದ ಸಹಜ ಮಿತಿಯೆಂದು ಪರಿಗಣಿಸಿರುವುದರಿಂದ, ಅದನ್ನು ತೋರಿಸಿಕೊಡುವವನಿಗೆ ನ್ಯಾಯಾಧೀಶನ ಪೀಠ ದೊರೆಯುವುದಿಲ್ಲ.

ಶ್ರೀವಿಜಯನು ದೋಷವನ್ನು ಹೆಸರಿಸಿ ಸುಮ್ಮನಾಗುವವನೂ ಅಲ್ಲ. ಸದೋಷವಾದ ಪದ್ಯವನ್ನಿತ್ತು, ಅದನ್ನೇ ತಿದ್ದಿ ಬರೆದು ತೋರಿಸುತ್ತಾನೆ. ಸಂಸ್ಕೃತ-ಕನ್ನಡಗಳನ್ನು ವಿವೇಚನೆಯಿಲ್ಲದೆ ಸಮಾಸಗೊಳಿಸುವುದು ಕುದಿವ ಹಾಲಿಗೆ ಮಜ್ಜಿಗೆಯ ಹನಿಗಳನ್ನು ಬೆರೆಸಿದಂತೆ ಎನ್ನುವಾಗ, ಕೆಟ್ಟುದೇನು, ಏತಕ್ಕೆ ಎಂಬೆರಡೂ ಸ್ಪಷ್ಟವಾಗುತ್ತವೆ. ‘ಚೆನ್ನಾಗಿದೆ’, ‘ಇನ್ನೂ ಪಕ್ವವಾಗಬೇಕು’ ಎಂಬ ಉದ್ಗಾರಗಳಲ್ಲಿ ಮುಗಿಯುವ ಕಮ್ಮಟಗಳ ಪ್ರತಿಕ್ರಿಯೆಗೆ ಈ ಗುಣವಿಲ್ಲ.

ಆದರೆ ತಿದ್ದುವ ಅಧಿಕಾರಕ್ಕೂ ಗ್ರಂಥವು ಎಲ್ಲೆಯನ್ನು ಸೂಚಿಸಿದೆ. ದೇಸಿಗಳು ಬೇರೆಬೇರೆಯಾಗಿರುವುದರಿಂದ ಕನ್ನಡಗಳ ದೋಷ ಇಷ್ಟೇ ಎಂದು ನಿರ್ಣಯಿಸಲು ವಾಸುಕಿಯೂ ಅಸಮರ್ಥನೆಂದು ಅದು ಹೇಳುತ್ತದೆ. ಮುಂಬಯಿಯ ಅಥವಾ ಹೈದರಾಬಾದಿನ ಲೇಖಕನ ಕತೆಯಲ್ಲಿ ಮರಾಠಿ, ದಖನಿಗಳ ಸೋಂಕುಳ್ಳ ಮಾತನ್ನು ಶಿಷ್ಟರೂಪಕ್ಕೆ ತಿದ್ದುವ ಮಿತ್ರನು, ದೋಷವೆಂದು ಭಾವಿಸಿ ದೇಸಿಯನ್ನೇ ಅಳಿಸುತ್ತಿರಬಹುದು. ಹಾಗೆ ಅಳಿದುದು ಪಾತ್ರದ ಊರು, ದುಡಿಮೆ, ನೆರೆಹೊರೆಗಳ ಗುರುತೂ ಹೌದು. ಹೊರನಾಡಿನ ಬರವಣಿಗೆಯನ್ನು ಓದುವವನಿಗೆ ತಿದ್ದುವ ಕೌಶಲಕ್ಕಿಂತ ಮೊದಲು ಬೇಕಾದುದು ಈ ಎಚ್ಚರ.