ಉಚ್ಚಂಗಿದುರ್ಗ: ಪ್ರಶಸ್ತಿಯೂ ಊರೂ

ಕನ್ನಡ ಶಾಸನಸಾಹಿತ್ಯದಲ್ಲಿ ಉಚ್ಚಂಗಿಯಷ್ಟು ಸಲ ಗೆಲ್ಲಲ್ಪಟ್ಟ ಗಿರಿದುರ್ಗಗಳು ವಿರಳ. ಕದಂಬರ ತಾಮ್ರಶಾಸನದಲ್ಲಿ ಉಚ್ಚಶೃಂಗಿಯೆಂಬ ಹೆಸರಿನಿಂದ ಕಾಣಿಸಿಕೊಳ್ಳುವ ಈ ಸ್ಥಳವು, ಕಲ್ಯಾಣದ ಚಾಳುಕ್ಯರಿಗೆ ಅಧೀನರಾಗಿ ನೊಳಂಬವಾಡಿ ಮೂವತ್ತೆರಡು ಸಾಸಿರವನ್ನು ಆಳಿದ ಪಾಂಡ್ಯರಿಗೆ ರಾಜಧಾನಿಯಾಗಿದ್ದಿತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ ಹರಪನಹಳ್ಳಿ ತಾಲ್ಲೂಕು 2018ರಲ್ಲಿ ಬಳ್ಳಾರಿಗೆ ಮರಳಿ, 2021ರಿಂದ ವಿಜಯನಗರ ಜಿಲ್ಲೆಗೆ ಒಳಪಟ್ಟಿದೆ. ಆದರೂ ಜಗಳೂರು ಸೀಮೆಯವರಿಗೆ ಆ ಬೆಟ್ಟವು ಪರಸ್ಥಳವಲ್ಲ. ಈ ಊರಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ವಿಜೇತರ ಪ್ರಶಸ್ತಿಗಳನ್ನು ಪೋಣಿಸಿ ತೃಪ್ತರಾಗುವರು. ಆ ಪ್ರಶಸ್ತಿಗಳಿಂದ ಊರಿನ ಸ್ವರೂಪವು ಎಷ್ಟರಮಟ್ಟಿಗೆ ತಿಳಿದೀತೆಂಬುದು ವಿಚಾರಾರ್ಹವಾಗಿದೆ.

ಮೊದಲು ಬಿರುದುಗಳನ್ನು ನೋಡಬಹುದು. ನೊಳಂಬಕುಲಾಂತಕನೆನಿಸಿದ ಗಂಗ ಮಾರಸಿಂಹನು ಹತ್ತನೆಯ ಶತಮಾನದಲ್ಲಿ ಈ ಕೋಟೆಯನ್ನು ಹಿಡಿದನೆಂದು ಶ್ರವಣಬೆಳಗೊಳದ ಸ್ತಂಭಶಾಸನವು ಸಾರುತ್ತದೆ. ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೊಡನೆ ಕಾದಿದ್ದರಿಂದ ಚಾವುಂಡರಾಯನಿಗೆ ರಣರಂಗಸಿಂಗನೆಂಬ ಬಿರುದು ಬಂದಿತೆಂದು 978ರ ಚಾವುಂಡರಾಯಪುರಾಣದಿಂದ ತಿಳಿಯುತ್ತದೆ. ಅನಂತರ ಹೊಯ್ಸಳ ವಿಷ್ಣುವರ್ಧನನ ಸರದಿ. ಅವನ ಮೊಮ್ಮಗನಾದ ಇಮ್ಮಡಿ ಬಲ್ಲಾಳನಿಗೆ ಗಿರಿದುರ್ಗಮಲ್ಲ, ಶನಿವಾರಸಿದ್ಧಿ ಎಂಬ ಬಿರುದುಗಳು 1177ರ ಸುಮಾರಿನ ಉಚ್ಚಂಗಿಯ ವಿಜಯದಿಂದಲೇ ಬಂದುವೆಂದು ಚರಿತ್ರಕಾರರ ಅಭಿಪ್ರಾಯ. ಇವೆಲ್ಲದರಲ್ಲಿಯೂ ಬೆಟ್ಟವು ವೀರನ ಹೆಸರಿಗೆ ಒಂದು ವಿಶೇಷಣವನ್ನು ಒದಗಿಸಿ ಸುಮ್ಮನಾಗುತ್ತದೆ.

ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಕೈಬಿಟ್ಟ ದುರ್ಗವನ್ನು ಬಲ್ಲಾಳನು ಲೀಲೆಯಿಂದ ಸಾಧಿಸಿದನೆಂದೂ, ಮರೆಹೊಕ್ಕ ಕಾಮದೇವ ಪಾಂಡ್ಯನಿಗೆ ರಾಜ್ಯವನ್ನು ಹಿಂದಿರುಗಿಸಿದನೆಂದೂ ಹೊಯ್ಸಳ ಶಾಸನವು ವರ್ಣಿಸುತ್ತದೆ. ಇದನ್ನು ಅಕ್ಷರಶಃ ಗ್ರಹಿಸುವವರು ದಂಡಿಯನ್ನು ಮರೆತವರು. ಶತ್ರುವಿನ ವಂಶ, ಪರಾಕ್ರಮ, ವಿದ್ಯೆಗಳನ್ನು ಮೊದಲು ವರ್ಣಿಸಿ ಆಮೇಲೆ ಅವನ ಸೋಲನ್ನು ಹೇಳಿದರೆ ನಾಯಕನ ಉತ್ಕರ್ಷವು ತಾನಾಗಿಯೇ ಸಿದ್ಧಿಸುವುದೆಂದು ಕಾವ್ಯಾದರ್ಶದ ಪ್ರಥಮ ಪರಿಚ್ಛೇದದಲ್ಲಿಯೇ ಹೇಳಿದೆ. ಶಾಸನಕವಿಯು ಈ ನ್ಯಾಯವನ್ನು ಶತ್ರುವಿನಿಂದ ಅವನ ಕೋಟೆಗೂ ವಿಸ್ತರಿಸಿದನು. ಹನ್ನೆರಡು ವರ್ಷವೆಂಬುದಂತೂ ಪಾಂಡವರ ವನವಾಸದ ಸಂಖ್ಯೆ. ದೀರ್ಘಕಾಲವೆಂಬುದಕ್ಕೆ ಪುರಾಣಗಳು ರೂಢಿಯಾಗಿ ಬಳಸುವ ಮಾತು. ಅಭೇದ್ಯವೆಂದು ಹೊಗಳಿಸಿಕೊಂಡ ದುರ್ಗವು ಎರಡು ಶತಮಾನಗಳಲ್ಲಿ ಮೂರು ಸಲವಾದರೂ ಪರರ ವಶವಾಯಿತೆಂದು ಅದೇ ಶಾಸನಗಳೇ ಹೇಳುತ್ತಿರುವಾಗ, ಅಭೇದ್ಯತೆಯು ಅಲಂಕಾರವೆಂಬುದರಲ್ಲಿ ಸಂದೇಹವೇನು? ಕಾವ್ಯವಾಗಿ ಆ ವರ್ಣನೆಯು ಶ್ಲಾಘ್ಯ; ಸಾಕ್ಷ್ಯವಾಗಿ ದುರ್ಬಲ.

ಊರನ್ನು ಅರಿಯಬೇಕೆಂಬವರು ಅಲಂಕಾರವಿಲ್ಲದ ದಾನಶಾಸನಗಳನ್ನು ಓದಬೇಕು. ಸಮೀಪದ ಬಾಗಳಿಯ ಕಲ್ಲೇಶ್ವರ ದೇವಾಲಯದಲ್ಲಿಯೂ ದಾವಣಗೆರೆ ಸೀಮೆಯಲ್ಲಿಯೂ ಇಂತಹವು ದೊರೆಯುತ್ತವೆ. ಭೂಮಿಯ ಅಳತೆ, ಎಲ್ಲೆಕಲ್ಲು, ಕೆರೆ, ನಂದಾದೀವಿಗೆಯ ಎಣ್ಣೆ ಮೊದಲಾದುವನ್ನು ಹೇಳುವುದು ದಾನಶಾಸನದ ಧರ್ಮ. ಅಲ್ಲಿ ರಸವಿಲ್ಲವೆಂಬುದು ನಿಜ. ಆದರೆ ಬಂಡೆಯ ಬೆಟ್ಟದ ಆಶ್ರಯದಲ್ಲಿ ಬಾಳುವವರಿಗೆ ಮಳೆಯ ನೀರನ್ನು ಹಿಡಿದಿಡುವುದು ಶನಿವಾರದ ವಿಜಯಕ್ಕಿಂತ ದೊಡ್ಡ ವಿಷಯವಾಗಿದ್ದಿತು.

ದೂರದ ಗ್ರೀಸ್ ದೇಶದ ಒಂದು ಉದಾಹರಣೆಯು ಇಲ್ಲಿ ಉಪಯುಕ್ತ. ಟೈಗೆಟಸ್ ಪರ್ವತದ ತಪ್ಪಲಿನ ಮಿಸ್ತ್ರಾಸ್‌ನಲ್ಲಿ 1249ರಲ್ಲಿ ಫ್ರಾಂಕ್ ದೊರೆಯೊಬ್ಬನು ಕೋಟೆ ಕಟ್ಟಿಸಿದನು; 1262ರಲ್ಲಿ ಅದು ಬೈಜಾಂಟಿಯಮ್ ಚಕ್ರವರ್ತಿಯ ಕೈಸೇರಿತು; 1460ರಲ್ಲಿ ತುರ್ಕರದಾಯಿತು. 1834ರಲ್ಲಿ ಬಯಲಿನಲ್ಲಿ ಹೊಸ ಸ್ಪಾರ್ಟಾ ನಗರವು ಸ್ಥಾಪಿತವಾದ ಮೇಲೆ ಜನರು ಕ್ರಮೇಣ ಕೆಳಗಿಳಿದರು. ಈಗ ಅಲ್ಲಿ ಚಿತ್ರಾಲಂಕೃತವಾದ ಇಗರ್ಜಿಗಳುಂಟು, ಸಂಸಾರಗಳಿಲ್ಲ. ಉಚ್ಚಂಗಿಯ ಗತಿ ಇದಕ್ಕೆ ವಿಪರೀತ: ರಾಜರು ಹೋದರು, ಕೋಟೆ ಶಿಥಿಲವಾಯಿತು; ಊರು ನಿಂತಿತು. ಬೆಟ್ಟದ ಮೇಲಿನ ಉತ್ಸವಾಂಬೆಯ ದರ್ಶನಕ್ಕೆ ಭರತ ಹುಣ್ಣಿಮೆಯಲ್ಲಿಯೂ ಯುಗಾದಿಯಲ್ಲಿಯೂ ಜನರು ಇಂದಿಗೂ ಮೆಟ್ಟಿಲೇರುವರು.

ಆದರೆ ಪ್ರಶಸ್ತಿಯ ದೋಷವನ್ನು ಎತ್ತಿ ತೋರಿಸಿದವರು ಭಕ್ತಿಯ ಹೆಸರಿನಲ್ಲಿ ಮತ್ತೊಂದು ಪ್ರಶಸ್ತಿಯನ್ನು ಬರೆಯಬಾರದು. ಇದೇ ಭರತ ಹುಣ್ಣಿಮೆಯಂದು, ಇದೇ ದೇವಿಯ ಸನ್ನಿಧಿಯಲ್ಲಿ, ದಲಿತರ ಮನೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿಯೂ ನಡೆದುಬಂದಿತ್ತು. 1982ರ ಕರ್ನಾಟಕ ದೇವದಾಸಿ ಸಮರ್ಪಣ ನಿಷೇಧ ಶಾಸನವು ಅದನ್ನು ಅಪರಾಧವೆಂದು ಸಾರಿತು. ಕಾಮದೇವನಿಗೆ ಅಭಯ ದೊರೆತುದನ್ನು ಕಲ್ಲಿನಲ್ಲಿ ಕಂಡರಿಸಿದ ನಾಡಿನಲ್ಲಿ, ಆ ಬಾಲೆಯರಿಗೆ ಅಭಯವು ದೊರೆಯಲು ಎಂಟು ಶತಮಾನಗಳೇ ಕಳೆಯಬೇಕಾಯಿತು. ಮುಂದೆ ಉಚ್ಚಂಗಿಯ ಚರಿತ್ರೆಯನ್ನು ಬರೆಯುವ ವಿದ್ವಾಂಸರು ಬಲ್ಲಾಳನ ಬಿರುದುಗಳಿಗೆ ಒಂದು ಪುಟವನ್ನು ಕೊಡಲಿ. ದಾನಶಾಸನಗಳ ಕೆರೆ ಹೊಲಗಳಿಗೂ, ಮುತ್ತು ಕಟ್ಟಿಸಿಕೊಂಡ ಹೆಂಗಸರ ಬಾಯಿಮಾತಿಗೂ ಉಳಿದ ಪುಟಗಳನ್ನು ಮೀಸಲಿಡಲಿ.